ಯಾರ ಮೊಣಕಾಲು?

ಕೆಸರುರಾಯರು ಎಂಬುದು ಹೆತ್ತವರಿಟ್ಟ ಹೆಸರಲ್ಲ. ಅದನ್ನು ಸಂಪಾದಿಸಲು ಅವರು ಅರ್ಧ ಆಯಸ್ಸು ಸವೆಸಿದ್ದರು. ಹಳ್ಳದ ದಂಡೆಯ ಕಾಡಿನಲ್ಲಿ ಮಣ್ಣು ಪರೀಕ್ಷಿಸುವುದು ಅವರ ನೌಕರಿ. ಆಳು ಕುಳ್ಳು, ಹೆಗಲ ಮೇಲೆ ತಮಗಿಂತ ಉದ್ದದ ಬೈರಿಗೆ. ಅದನ್ನು ನೆಲದೊಳಗೆ ತಿರುಗಿಸಿ, ಮೇಲೆ ಬಂದ ಮಣ್ಣನ್ನು ಹೆಬ್ಬೆರಳಿನಲ್ಲಿ ಹೊಸೆದು, ಮೂಸಿ, ಯಾರೂ ನೋಡದಿದ್ದರೆ ನಾಲಿಗೆಗೂ ತಾಗಿಸಿ ತೀರ್ಪು ಕೊಡುತ್ತಿದ್ದರು. ಮಣ್ಣು ಕೆಂಗಂದು ಬಣ್ಣವಾದರೆ ಒಳಗೆ ಗಾಳಿಯಾಡುತ್ತದೆ. ಬೂದಿ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿ ಠಿಕಾಣಿ ಹೂಡುತ್ತದೆ. ಈ ಚಾಳಿ ಮನೆಯಲ್ಲೂ ಬಿಡಲಿಲ್ಲ. ಹೆಂಡತಿ ಕಲಸಿಟ್ಟ ಹಿಟ್ಟನ್ನು ಹೊಸೆದು ನೋಡಿ, ಜಿಗುಟು ಸಾಲದು ಎಂದದ್ದಕ್ಕೆ ಅಡುಗೆಮನೆಯಿಂದ ಗಡೀಪಾರಾಗಿದ್ದರು.

ಅದೇ ಕಾಡಿನಲ್ಲಿ ಗಿಡಮರಗಳನ್ನು ಗುರುತಿಸುವ ಕೆಲಸ ಹೆಂಡತಿಯ ಅಣ್ಣನದು. ಎತ್ತರದ ಆಳು, ಸದಾ ಕತ್ತೆತ್ತಿಯೇ ನಡೆಯುತ್ತಿದ್ದರು, ಊರಿಗೆಲ್ಲ ಮರದಣ್ಣ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎನ್ನುತ್ತಿದ್ದರು, ಮರ್ಯಾದೆ ಅಲ್ಲಿಗೇ ಮುಗಿಯುತ್ತಿತ್ತು. ಮಣ್ಣು ಹೇಗೋ ಮರ ಹಾಗೆ ಎಂದು ರಾಯರ ವಾದ. ಮರ ನೋಡಿದ ಮೇಲೆ ಮಣ್ಣು ಅಗೆಯುವುದು ದಂಡ ಎಂದು ಮರದಣ್ಣನ ವಾದ. ಆ ಕಾಡಿನಲ್ಲಿ ಒಂದು ಗೇಣು ಏರುತಗ್ಗೂ ಲೆಕ್ಕಕ್ಕೆ ಬರುತ್ತದೆ. ಹಳ್ಳದ ಅಂಚಿನ ದಿಬ್ಬದಲ್ಲಿ ಮರಳು ಬೆರೆತ ಮಣ್ಣು, ನೆಟ್ಟಗೆ ಬೆಳೆದ ಗಟ್ಟಿ ಮರಗಳು. ಹಿಂದಿನ ತಗ್ಗಿನಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಜೇಡಿ, ಬುಡ ಊದಿಸಿಕೊಂಡು ನೀರಲ್ಲೇ ನಿಲ್ಲುವ ಮರಗಳು.

ಹೆಂಡತಿ ಟೈಲರ್. ಹೊಲಿಗೆ ಮೆಷಿನ್ನುಗಳು ಮಲಗುವ ಕೋಣೆಯಲ್ಲೇ ಇದ್ದುದರಿಂದ ರಾಯರ ಬೆನ್ನಿಗೆ ಗುಂಡುಸೂಜಿ ಹೊಸದೇನಲ್ಲ. ಕಾಡಿನ ತಗ್ಗಿನಂಚಿನಲ್ಲಿ ಅವಳಿಗೊಂದು ಚೂರು ಜಾಗವಿತ್ತು. ಅಲ್ಲಿ ತನ್ನದೇ ಹೊಲಿಗೆಕೋಣೆ ಕಟ್ಟಿಸಬೇಕೆಂಬುದು ಅವಳ ಬಹುಕಾಲದ ಆಸೆ. ಮೊದಲು ಅಣ್ಣನನ್ನು ಕೇಳಿದಳು. ಸುತ್ತಲೂ ಬುಡ ಊದಿದ ಮರಗಳೇ, ಬೇಡ ಎಂದುಬಿಟ್ಟರು. ಅವಳ ಮುಖ ಸಪ್ಪಗಾಯಿತು. ಮುಂದಿನ ವರ್ಷ ಗಂಡನನ್ನು ಕೇಳಿದಳು. ರಾಯರು ಬೈರಿಗೆ ಇಳಿಸಿದರು. ಚೆಂದದ ಕೆಂಗಂದು ಮಣ್ಣು ಬಂತು. ಅಷ್ಟಕ್ಕೇ ನಿಲ್ಲಿಸಿ, ತನ್ನ ಹೆಬ್ಬೆರಳಾಣೆ ಇಲ್ಲಿ ನೀರು ನಿಲ್ಲುವುದಿಲ್ಲ ಎಂದು ಮೀಸೆ ತಿರುವಿದರು. ಮರದಣ್ಣ ಮಾತ್ರ ಎಂದೂ ಇಲ್ಲದಂತೆ ಸುಮ್ಮನಿದ್ದರು.

ಗಾರೆಯವನು ಪಾಯಕ್ಕೆ ದಾರ ಕಟ್ಟುತ್ತಿದ್ದಾಗ ರಾಯರಿಗೆ ಅವನ ಮುಂದೆ ಕೊಂಚ ಜಂಬ ಕೊಚ್ಚಬೇಕೆನಿಸಿತು. ಬೈರಿಗೆಯನ್ನು ಈ ಸಲ ಪೂರ್ತಿ ಇಳಿಸಿದರು. ಮೇಲೆ ಬಂದದ್ದು ಒಂದು ಮುರುಕು ಪ್ಲಾಸ್ಟಿಕ್ ಬಾಚಣಿಗೆ. ಅದರ ಕೆಳಗೆ ಸೀಸದಂಥ ಬೂದಿಬಣ್ಣದ ಜೇಡಿ. ಮಣ್ಣಿನ ವಂಶದಲ್ಲಿ ಬಾಚಣಿಗೆ ಹುಟ್ಟುವುದಿಲ್ಲ. ಯಾರೋ ಹೊರಗಿನ ಮಣ್ಣು ತಂದು ಸುರಿದಿದ್ದರು, ಇವರು ಅದನ್ನು ಹೊಸೆದು ಆಣೆ ಇಟ್ಟಿದ್ದರು. ತನ್ನ ಮಾತು ನಂಬಿ ಅವಳ ಮೆಷಿನ್ನುಗಳು ನೀರಲ್ಲಿ ನಿಲ್ಲುತ್ತಿದ್ದವಲ್ಲ! ಗಾರೆಯವನನ್ನು ಕಳಿಸಿ, ಬೇರೆ ದಾರಿ ಕಾಣದೆ ನೇರ ಮರದಣ್ಣನ ಮನೆಗೆ ಹೋದರು.

"ಭಾವ, ಅದು ಆ ಜಾಗದ ಮಣ್ಣಲ್ಲ. ನಾನು ಮೋಸ ಹೋದೆ."

ಮರದಣ್ಣ ಮೊದಲ ಬಾರಿಗೆ ನೆಲ ನೋಡಿದರು. "ಅದನ್ನ ಹಾಕ್ಸಿದ್ದು ನಾನೇ ಭಾವ."

ತಂಗಿಯ ಸಪ್ಪೆ ಮುಖ ನೋಡಲಾರದೆ, ರಾಯರು ಪರವೂರಿಗೆ ಹೋಗಿದ್ದಾಗ ಗುಡ್ಡದ ಮಣ್ಣು ತರಿಸಿ ಜಾಗ ಎತ್ತರಿಸಿ, ಮೇಲೆ ಹುಲ್ಲು ಬಿತ್ತಿದ್ದರಂತೆ. ಹೇಳಿದರೆ, ಬೇಡ ಅಂದವನೇ ಮಣ್ಣು ಹೊತ್ತ ಎಂದು ರಾಯರು ಆಡಿಕೊಳ್ಳುತ್ತಾರೆಂದು ಬಾಯಿಗೆ ಬೀಗ. ರಾಯರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನು ಆಣೆ ಇಟ್ಟೆನೇ ಹೊರತು ಒಂದು ಬುಟ್ಟಿ ಮಣ್ಣೂ ಹೊರಲಿಲ್ಲ ಎಂದು ನಾಚಿಕೆಯಾಯಿತು.

ಇಬ್ಬರೂ ಕೂಡಿ ಜಾಗಕ್ಕೆ ಹೋದರು. ಒಬ್ಬರು ತೊಗಟೆಯ ಮೇಲೆ ನೀರು ಬಿಟ್ಟುಹೋದ ಕೆಸರಿನ ಗೆರೆ ನೋಡಿದರು, ಇನ್ನೊಬ್ಬರು ಬೂದಿ ಮಣ್ಣು ಎಲ್ಲಿಂದ ಶುರುವೆಂದು ನೋಡಿದರು. ಆಮೇಲೆ ಅವಳ ಮುಂದೆ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡರು. ಎತ್ತರಿಸಿದ ಜಾಗದ ಮೇಲೂ ಮೊಣಕಾಲಿನವರೆಗೆ ನೀರು ಬರುತ್ತದೆಂದು ಇಬ್ಬರ ಬಾಯಲ್ಲೂ ಒಂದೇ ಮಾತು. ಇಂಥ ಒಮ್ಮತವನ್ನು ಅವಳು ಮದುವೆಯಾದಂದಿನಿಂದ ಕಂಡಿರಲಿಲ್ಲ.

"ಯಾರ ಮೊಣಕಾಲು?" ಎಂದಳು.

ನನ್ನದು ಎಂದರು ಇಬ್ಬರೂ. ಅವಳು ಕೊರಳಲ್ಲಿದ್ದ ಟೇಪು ತೆಗೆದು ಎರಡನ್ನೂ ಅಳೆದಳು. ನಾಲ್ಕು ಬೆರಳು ವ್ಯತ್ಯಾಸ. ಗಾರೆಯವನಿಗೆ ಅಣ್ಣನ ಅಳತೆ ಕೊಟ್ಟು, ನೆಲ ಆ ಎತ್ತರಕ್ಕೆ ಬರುವಂತೆ ಕಂಬಗಳ ಮೇಲೆ ಕೋಣೆ ಕಟ್ಟಿಸಿದಳು. ಅದು ಮುಗಿಯುವವರೆಗೂ ರಾಯರು ತಗ್ಗಿನ ಮರದ ಬುಡದಂತೆ ಮುಖ ಊದಿಸಿಕೊಂಡಿದ್ದರು.

ಮಳೆಗಾಲದಲ್ಲಿ ಹಳ್ಳ ಉಕ್ಕಿ ಕಾಡಿಗೆಲ್ಲ ನೀರು ಬಂತು. ಭಾವಂದಿರಿಬ್ಬರೂ ಪ್ಯಾಂಟು ಮಡಿಚಿ ಕೋಣೆಯ ಮುಂದೆ ನೀರಲ್ಲಿ ನಿಂತರು. ನೀರು ಏರಿತು, ಏರಿತು, ಸರಿಯಾಗಿ ರಾಯರ ಮೊಣಕಾಲಿಗೆ ಬಂದು ನಿಂತಿತು. ಮೇಲೆ ಹೊಸ್ತಿಲಿಗೆ ಒಂದು ಹನಿಯೂ ತಾಗಿರಲಿಲ್ಲ. ಒಳಗೆ ಮೆಷಿನ್ ಟಕಟಕ ಓಡುತ್ತಿತ್ತು.

"ನೋಡಿದ್ಯಾ, ನನ್ನ ಮೊಣಕಾಲೇ ಸರಿ!" ಎಂದು ರಾಯರು ಕೂಗಿದರು.

ಮೆಷಿನ್ ನಿಂತಿತು. ಅವಳು ಬಾಗಿಲಿಗೆ ಬಂದು, ನಡುಗುತ್ತಿದ್ದ ಗಂಡನಿಗೆ ಕೈ ಚಾಚಿದಳು.

"ನಿಮ್ದೇ ಸರಿ ಕಣ್ರೀ. ಈಗ ಮೇಲೆ ಬನ್ನಿ, ನಮ್ಮಣ್ಣನ ಮೊಣಕಾಲ ಮೇಲೆ ಕೂತು ಪ್ಯಾಂಟು ಒಣಗಿಸ್ಕೊಳ್ಳಿ."