ಗೆರೆ ಬಿದ್ದ ರಾಕಬಿಲ್ಲಿ ರೆಕಾರ್ಡು

ಹಳೆಯ ರೆಕಾರ್ಡು ಕೂಡಿಸುವವರಲ್ಲಿ ತಲೆ ನೆಟ್ಟಗಿರುವವರನ್ನು ನಾನಂತೂ ನೋಡಿಲ್ಲ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬ ಕವರನ್ನೇ ಬಿಚ್ಚುವುದಿಲ್ಲ. ಇನ್ನೊಬ್ಬ ಫೋಟೊ ಹಾಕುತ್ತಾನೆ, ಹಾಡು ಹೇಗಿದೆ ಎಂದು ಕೇಳಿದರೆ ಮಾಯವಾಗುತ್ತಾನೆ. ಅಫಜಲಪುರದ ತೊಗರಿ ವ್ಯಾಪಾರಿಯಂತೂ ಗೆರೆ ಬಿದ್ದ ರೆಕಾರ್ಡುಗಳಿಗೆ ತೂತು ಕೊರೆದು ಗೋಡೆ ಗಡಿಯಾರ ಮಾಡಿ ಅದನ್ನು ಕಲೆ ಎನ್ನುತ್ತಾನೆ. ಜೇವರ್ಗಿಯಲ್ಲಿ ಕೂತು ರಾಕಬಿಲ್ಲಿ, ಅಂದರೆ ಅಮೆರಿಕದ ಹಳ್ಳಿ ಹುಡುಗರು ಗಿಟಾರು ಬಡಿದು ಕುಣಿಸುತ್ತಿದ್ದ ಹಳೆಯ ಹಾಡು ಕೇಳುವ ಇಂಗ್ಲಿಷ್ ಮಾಸ್ತರ ನಾನು. ಇವರೆಲ್ಲರ ನಡುವೆ ನಾನೊಬ್ಬನೇ ರಸಿಕ ಎಂಬ ಜಂಬ ನನಗೆ.

ಅಂಥದೊಂದು ರೆಕಾರ್ಡು ಆಳಂದದಲ್ಲಿ, ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವನೊಬ್ಬನ ಮನೆಯ ಟ್ರಂಕಿನಲ್ಲಿ ಸಿಕ್ಕಿತು. ಯಾವುದೋ ಸಿಮೆಂಟು ಫ್ಯಾಕ್ಟರಿಯ ಪರದೇಶಿ ಎಂಜಿನಿಯರ್ ಬಿಟ್ಟುಹೋದದ್ದಂತೆ. ಗಿಡದ ಮೇಲೆ ಭೋಂಗಾ ಸ್ಪೀಕರು ಕಟ್ಟಿದ ಮೇಲೆ ದನಿ ಬರುತ್ತದೋ ಇಲ್ಲವೋ ನೋಡಲು ಮೈಕಿನವನು ಇದನ್ನೇ ಹಾಕುತ್ತಿದ್ದ. ದೇವರ ಹಾಡನ್ನು ನಡುವೆ ನಿಲ್ಲಿಸಬಾರದು, ಸಿನಿಮಾ ಹಾಡು ನಿಲ್ಲಿಸಿದರೆ ಬೀಗರು ಜಗಳಕ್ಕೆ ಬರುತ್ತಾರೆ. ಇದನ್ನು ಎಲ್ಲಿ ನಿಲ್ಲಿಸಿದರೂ ಕೇಳುವವರಿಲ್ಲ. ಪ್ರತಿ ಸಲ ಒಂದೇ ಜಾಗದಲ್ಲಿ ಮುಳ್ಳು ಎತ್ತಿ ಎತ್ತಿ ಅಲ್ಲೊಂದು ಗೆರೆ ಬಿದ್ದಿತ್ತು.

ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ರೆಕಾರ್ಡು ಕೊಟ್ಟ ಅವನ ಹೆಂಡತಿ, ಈಗ ಮುದುಕಿ, ದುಡ್ಡು ಮುಟ್ಟಲಿಲ್ಲ.

"ನಮ್ಮ ಮಷೀನ್ ಕೆಟ್ಟದರಿ ಮಾಸ್ತರ. ಒಮ್ಮಿ ಇಲ್ಲಿ ತಂದು ಹಚ್ಚಿ ಕೇಳಸ್ರಿ, ಅಷ್ಟೇ ಸಾಕು" ಎಂದಳು.

ಮುಂದಿನ ವಾರವೇ ಬರುತ್ತೇನೆಂದೆ. ಹೋಗಿದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಆ ಗೆರೆಯ 'ಟಕ್' ಸದ್ದನ್ನು ನನ್ನ ರಸಿಕತನ ತಾಳಲಾರದೆ ಪರದೇಶದಿಂದ ಅದೇ ಹಾಡಿನ ಗೆರೆಯಿಲ್ಲದ ರೆಕಾರ್ಡು ತರಿಸಿದ್ದೆ. ಹಳೆಯದನ್ನು ಅಫಜಲಪುರದವನ ಗಡಿಯಾರಕ್ಕೆ ಕೊಟ್ಟುಬಿಟ್ಟಿದ್ದೆ. ಹಾಡು ಅದೇ ಅಲ್ಲವೇ, ಮುದುಕಿಗೇನು ತಿಳಿಯುತ್ತದೆ ಎಂದುಕೊಂಡು ಹೊಸದನ್ನೂ ನನ್ನ ಮಷೀನನ್ನೂ ಒಯ್ದೆ.

ಮುಳ್ಳು ಇಟ್ಟೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಳು.

"ಗೆರಿ ಎಲ್ಲಿ ಹೋತ್ರಿ?"

"ತೊಳಿಸೀನಿ ಯವ್ವಾ, ಸಾಫ್ ಆಗ್ಯದ" ಎಂದೆ, ನಾಚಿಕೆಯಿಲ್ಲದೆ.

"ತೊಳದ್ರ ಹೋಗೂದೇನ್ರಿ ಅದು? ಅವರ ಕೈಲೆ ಬಿದ್ದ ಗೆರಿ. ಅದೊಂದು ಕೇಳಬೇಕಂತ ಎರಡು ವರ್ಷದಿಂದ ಕುಂತೀನಿ."

ಹಾಡು ತನ್ನ ಪಾಡಿಗೆ ಕುಣಿಯುತ್ತಿತ್ತು.

"ಬಂದ್ ಮಾಡ್ರಿ" ಎಂದಳು. "ಆ ಗೆರಿ ಮುಂದಿಂದು ನಾ ಎಂದೂ ಕೇಳಿಲ್ಲ. ಅವರು ಅಲ್ಲೇ ಮುಳ್ಳು ಎತ್ತತಿದ್ರು."

ಮುಳ್ಳು ಎತ್ತಿದೆ. ಅವಳ ಗಂಡನ ಕೈ ಗುರುತಿಗೆ ತೂತು ಕೊರೆಸಿದವನು ನಾನೇ ಎಂದು ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.