ಅವ್ವನ ಎದೆಯಲ್ಲಿ ಕಂಡ ದುಂಡನೆಯ ನೆರಳು

ಅವ್ವನಿಗೆ ಕೆಮ್ಮು ಶುರುವಾದದ್ದು ಕಳೆದ ವರ್ಷ ಕಾಫಿ ಹೂ ಅರಳಿದ ಹೊತ್ತಿಗೆ. ಮಳೆಗಾಲ ಹತ್ತಿರ ಬಂದರೂ ಅದು ಹೋಗಲಿಲ್ಲ. ಒಂದು ದಿನ ಬಟ್ಟೆ ಮಡಿಸುವಾಗ ಅವಳ ರವಿಕೆಗಳಿಗೆಲ್ಲ ಎರಡೂ ಪಕ್ಕದಲ್ಲಿ ಹೊಸ ಹೊಲಿಗೆ ಬಿದ್ದಿರುವುದು ಕಂಡಿತು. ಮೈ ಇಳಿದದ್ದು ನನಗೆ ತಿಳಿಯಬಾರದೆಂದು, ನಾನು ಕಾಲೇಜಿಗೆ ಹೋದ ಮೇಲೆ ಕೂತು ಅವನ್ನೆಲ್ಲ ಚಿಕ್ಕದು ಮಾಡಿಕೊಂಡಿದ್ದಳು.

ನಮ್ಮದು ಕೊಡ್ಲಿಪೇಟೆಯಿಂದ ಒಳಗಿರುವ ಒಂದು ಹಳ್ಳಿ. ಅಪ್ಪ ಇಲ್ಲ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಮನೆಯ ವಿಷಯವನ್ನು ಹೊರಗೆ ಹೇಳುವ ಅಭ್ಯಾಸ ನನಗಿಲ್ಲ. ಈ ಪತ್ರಿಕೆಯನ್ನು ಅವ್ವ ಪ್ರತಿ ತಿಂಗಳೂ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾಳೆ, ಆದ್ದರಿಂದ ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದೆ. "ಬರಿ. ಆದ್ರೆ ನಿನ್ ತಪ್ಪನ್ನೂ ಬರಿ" ಎಂದಳು. ಬರೆಯುತ್ತಿದ್ದೇನೆ.

ನಮ್ಮ ಕಡೆಯ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಬರುವುದು ವಾರಕ್ಕೆ ಎರಡು ದಿನ. ಇನ್ನೆರಡು ಕಡೆಯ ಹೊಣೆಯೂ ಅವರ ಮೇಲೆಯೇ ಇದೆ. ಅವ್ವ ಎರಡು ಬಾರಿ ಹೋಗಿ ಎರಡು ಬಾಟಲಿ ಕೆಮ್ಮಿನ ಸಿರಪ್ಪು ತಂದಿದ್ದಳು. ಎಕ್ಸ್‌ರೇ ತೆಗೆಸಿ ಎಂದು ಅವರು ಬರೆದುಕೊಟ್ಟಿದ್ದ ಚೀಟಿ ಸಾಸಿವೆ ಡಬ್ಬಿಯ ಕೆಳಗಿತ್ತು. ಎಕ್ಸ್‌ರೇಗೆ ಹೋಗಿಬರಲು ಒಂದು ಇಡೀ ದಿನ ಬೇಕು. ಶುಂಠಿ ನಾಟಿಯ ಸಮಯದಲ್ಲಿ ಅವಳಿಗೆ ಆ ದಿನ ಸಿಗಲಿಲ್ಲ.

ಅಷ್ಟರಲ್ಲಿ ಎಕ್ಸ್‌ರೇ ಯಂತ್ರವನ್ನೇ ಹೊತ್ತ ವ್ಯಾನೊಂದು ಊರೂರಿಗೆ ಬರುತ್ತಿದೆ ಎಂದು ನಮ್ಮ ಊರಿನ ಆಶಾ ಕಾರ್ಯಕರ್ತೆ ಜಮೀಲಕ್ಕ ಮನೆಬಾಗಿಲಿಗೆ ಬಂದರು.

"ನಂಗೇನಾಗೈತೆ ಜಮೀಲಾ? ಕಷಾಯ ಕುಡೀತಿದೀನಿ."

"ಕಷಾಯ ನೀವು ಯುಗಾದಿಯಿಂದ ಕುಡೀತಿದೀರಿ ಗೌರಕ್ಕ. ಕುದಿಸಿ ಕುದಿಸಿ ಒಲೆ ಕೆಮ್ಮೇ ಹೋಗಿರ್ಬೇಕು, ನಿಮ್ದು ಹೋಗಿಲ್ಲ. ಸೀರೆ ಬದಲಾಯಿಸ್ತೀರೋ, ಹಂಗೇ ಎಳ್ಕೊಂಡು ಹೋಗ್ಲೋ?"

ವ್ಯಾನಿನ ಒಳಗಿಂದ ಒಬ್ಬರು, ಮೈಮೇಲೆ ಲೋಹದ್ದು ಏನಿದ್ದರೂ ತೆಗೆದಿಡಿ ಎಂದು ಕೂಗಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು. "ಸರ, ಕರಡಿಗೆ ನನ್ನ ಕೈಗೆ ಕೊಡು, ಸಾಕು" ಎಂದೆ. ಅವಳು ಸರವನ್ನೂ, ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆಯನ್ನೂ ನನಗೆ ಕೊಟ್ಟು ಮೆಟ್ಟಿಲು ಹತ್ತಿದಳು. ಎರಡೇ ನಿಮಿಷದ ಕೆಲಸ. ಫಿಲ್ಮು ಕೊಡಲಿಲ್ಲ. ಚಿತ್ರ ಕಂಪ್ಯೂಟರಿನಲ್ಲಿ ಬೇರೆ ಊರಿನ ಡಾಕ್ಟರಿಗೆ ಹೋಗುತ್ತದೆ, ಅವರು ನೋಡಿ ವರದಿ ಕಳಿಸುತ್ತಾರೆ ಎಂದರು.

ನಾಲ್ಕನೆಯ ದಿನ ವರದಿ ಜಮೀಲಕ್ಕನ ಫೋನಿಗೆ ಬಂತು. ಅವರು ಅದನ್ನು ಕಾಲೇಜಿನ ಗೇಟಿಗೇ ತಂದರು. ಇಂಗ್ಲಿಷಿನಲ್ಲಿ ಐದು ಸಾಲು. ಎದೆಯ ಎಡಭಾಗದಲ್ಲಿ ದುಂಡನೆಯ ಗಟ್ಟಿ ನೆರಳು, ಅಂಚು ನಯ, ಗಡ್ಡೆ ಇರಬಹುದು, ತಡಮಾಡದೆ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಬೇಕು. ಜಮೀಲಕ್ಕ ನನ್ನ ಕೈ ಹಿಡಿದುಕೊಂಡು ನಿಂತಿದ್ದರು. ನನಗೆ ಮಧ್ಯಾಹ್ನದ ಎರಡು ತರಗತಿಗಳಿದ್ದವು. ತೆಗೆದುಕೊಂಡೆ. ಏನು ಪಾಠ ಮಾಡಿದೆನೋ ಇವತ್ತಿಗೂ ನೆನಪಿಲ್ಲ.

ಅವ್ವನಿಗೆ ನಿಜ ಹೇಳಲಿಲ್ಲ. "ಸ್ವಲ್ಪ ಇನ್ಫೆಕ್ಷನ್ ಇರಬಹುದಂತೆ, ಕ್ಲಿಯರ್ ಆಗಿ ಕಂಡಿಲ್ಲವಂತೆ, ಮೈಸೂರಲ್ಲಿ ಡೀಟೇಲ್ ಆಗಿ ನೋಡ್ತಾರೆ" ಎಂದೆ.

"ನೀನು ಸುಳ್ಳು ಹೇಳೋವಾಗ ಇಂಗ್ಲಿಷು ಜಾಸ್ತಿ ಬರ್ತೈತೆ" ಎಂದು ಅವ್ವ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಹೆಚ್ಚು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮುಂಜಾನೆಯ ಬಸ್ಸು ಹಿಡಿದು, ಕುಶಾಲನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಮೈಸೂರಿಗೆ ಹೋದೆವು. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಸ್ಕ್ಯಾನಿನ ದಿನ ಬರೆಸಲು ಇನ್ನೊಂದು ಸಾಲು. ಮೂರನೆಯ ಸಾಲಿನಲ್ಲಿ ಅವ್ವ ನೆಲದ ಮೇಲೆಯೇ ಕೂತುಬಿಟ್ಟಳು. ಸ್ಕ್ಯಾನಿಗೆ ಸಿಕ್ಕ ದಿನ ಮೂರು ವಾರಗಳಾಚೆಯದು. ಕಿಟಕಿಯಲ್ಲಿದ್ದವರು ನಮ್ಮನ್ನು ಗದರಲಿಲ್ಲ, ಸತಾಯಿಸಲಿಲ್ಲ. ಅವರ ಮುಂದೆ ನಮ್ಮಂಥವರೇ ನೂರಾರು ಜನ ಇದ್ದರು.

ಆ ಮೂರು ವಾರಗಳ ಬಗ್ಗೆ ಬರೆಯುವುದು ನನಗೆ ಕಷ್ಟ. ಮಳೆ ಹಿಡಿದಿತ್ತು. ಅವ್ವ ಕೆಮ್ಮುತ್ತಲೇ ಕೊಟ್ಟಿಗೆ ಗುಡಿಸುತ್ತಿದ್ದಳು. ನಾನು ವರದಿಯ ಐದು ಸಾಲುಗಳನ್ನು ಬಾಯಿಪಾಠವಾಗುವಷ್ಟು ಓದಿದೆ. ಎಂಟನೆಯ ವಯಸ್ಸಿನಲ್ಲಿ ನನಗೂ ಲಿಂಗದೀಕ್ಷೆ ಆಗಿದೆ, ದಿನವೂ ಪೂಜೆ ಮಾಡುತ್ತೇನೆ, ನಿಜ. ಆದರೆ ಅದು ತಲೆ ಬಾಚಿಕೊಂಡಷ್ಟೇ ಅಭ್ಯಾಸವಾಗಿತ್ತು. ಪರೀಕ್ಷೆಯ ಹೊರತು ಬೇರೆ ಯಾವುದಕ್ಕೂ ಬೇಡಿದವಳಲ್ಲ. ಆ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ಏಳುವ ಮನಸ್ಸಾಗುತ್ತಿರಲಿಲ್ಲ. ಮಂತ್ರ ಬಾಯಿಗೆ ಬರುತ್ತಿರಲಿಲ್ಲ. ಒಂದೇ ಮಾತು ಬರುತ್ತಿತ್ತು: ತಂದೆ, ಅವ್ವನ ಎದೆಯಲ್ಲಿ ಇರುವುದು ಅಲ್ಲಿ ಇಲ್ಲದಂತೆ ಮಾಡು.

ಸ್ಕ್ಯಾನಿನ ದಿನ ಅವ್ವನನ್ನು ಒಳಗೆ ಕರೆದರು. ಐದು ನಿಮಿಷಕ್ಕೆ ಬಾಗಿಲು ತೆರೆದು, ಯಂತ್ರ ನಡೆಸುವ ನಡುವಯಸ್ಸಿನ ಹೆಂಗಸೊಬ್ಬರು ನನ್ನನ್ನು ಕರೆದರು. "ನಿಮ್ ತಾಯಿನಾ? ಸ್ವಲ್ಪ ಹೇಳಮ್ಮಾ, ಕತ್ತಲ್ಲಿರೋದು ತೆಗೆಯಲ್ಲ ಅಂತಾರೆ."

ಅವ್ವ ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ಕೂತಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. "ಬೆಳ್ಳಿ ಕೊಟ್ಟಿದೀನಲ್ಲ? ಇದು ಕಲ್ಲು. ಜೀವ ಇರೋತನಕ ಇದು ಮೈ ಬಿಟ್ಟು ಹೋಗಲ್ಲ. ಆವತ್ತು ವ್ಯಾನಲ್ಲೂ ನಾನು ತೆಗೀಲಿಲ್ಲ. ಆಗ ಫೋಟೋ ಬಂತಲ್ಲ, ಈಗ್ಯಾಕೆ ಬರಲ್ಲ?"

ಅವ್ವನ ಅಂಗಿಯ ಗುಂಡಿ ಹಾಕುತ್ತಿದ್ದ ಆ ಹೆಂಗಸು ಕೈ ನಿಲ್ಲಿಸಿದರು.

"ಯಾವ ವ್ಯಾನು ತಾಯಿ? ಎಕ್ಸ್‌ರೇ ತೆಗೆಯೋವಾಗ ಇದು ಎಲ್ಲಿತ್ತು?"

"ಇಲ್ಲೇ. ಇನ್ನೆಲ್ಲಿ?" ಅವ್ವ ಎಡ ಎದೆಯನ್ನು ಮುಟ್ಟಿ ತೋರಿಸಿದಳು. "ದಾರ ಉದ್ದ ಆಯ್ತು ಅಂತ ರವಿಕೆ ಒಳಗೆ ಸೇರಿಸ್ಕೊಂಡಿದ್ದೆ."

ಅವರು ಕೈ ಚಾಚಿದರು. ನಾನು ವರದಿ ಕೊಟ್ಟೆ. ಐದು ಸಾಲು ಓದಲು ಅಷ್ಟು ಹೊತ್ತು ಬೇಕಿಲ್ಲ. ಅವರು ತಲೆ ಎತ್ತಿದಾಗ ಕಣ್ಣಲ್ಲಿ ನಗು ಇತ್ತು, ಆದರೆ ಮಾತು ಎಚ್ಚರದ್ದು. "ನಾನು ಡಾಕ್ಟರಲ್ಲ, ಏನೂ ಹೇಳಬಾರದು. ಸ್ಕ್ಯಾನು ಹೇಳಲಿ. ತಾಯಿ, ಇದರಲ್ಲಿ ಮಲಗಿದಾಗ ಹೆಂಗೂ ಕೈ ಎರಡೂ ತಲೆ ಮೇಲೆ ಎತ್ತಬೇಕು. ದಾರ ಬಿಚ್ಚಿ ಲಿಂಗನ ಅಂಗೈಯಲ್ಲೇ ಇಟ್ಕೊಳಿ. ಮೈ ಬಿಟ್ಟು ಹೋದಂಗಾಗಲ್ಲ, ಅಲ್ವಾ?"

"ಅಂಗೈಯಲ್ಲಿ ಇರೋದೇ ಅದರ ಜಾಗ" ಎಂದು ಅವ್ವ ತಕ್ಷಣ ಒಪ್ಪಿದಳು.

ಗಾಜಿನ ಆಚೆಯಿಂದ ನೋಡಿದೆ. ಅವ್ವ ಮಲಗಿದ್ದಳು. ತಲೆಯ ಮೇಲೆ ಚಾಚಿದ ಎಡಗೈಯಲ್ಲಿ ಲಿಂಗ, ಅದರ ಮೇಲೆ ಮುಚ್ಚಿದ ಬಲಗೈ. ಮೂರು ವಾರ ನಾನು ಯಾರನ್ನು ತೆಗೆದುಬಿಡು ಎಂದು ಯಾರಲ್ಲಿ ಬೇಡಿದ್ದೆ ಎಂಬುದು ಆಗ ತಿಳಿಯಿತು. ಅಲ್ಲಿಯೇ ಕುರ್ಚಿಯ ಹಿಡಿ ಹಿಡಿದುಕೊಂಡು ಅತ್ತೆ. ಜನರ ಎದುರು ನಾನು ಅತ್ತದ್ದು ಅದೇ ಮೊದಲು.

ಡಾಕ್ಟರಮ್ಮ ಸಂಜೆಯೊಳಗೆ ನೋಡಿದರು. "ಗಡ್ಡೆ ಗಿಡ್ಡೆ ಏನೂ ಇಲ್ಲ. ಆದ್ರೆ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಇದೆ. ನಾಳೆ ಕಫ ಕೊಟ್ಟು ಹೋಗಿ" ಎಂದರು. ಮರುದಿನದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಶುರುವಿನಲ್ಲೇ ಸಿಕ್ಕಿದೆ, ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರೆ ಪೂರ್ತಿ ವಾಸಿ ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ, ಮೂರು ವಾರ ನಾನು ಏನೆಂದು ಹೆದರಿದ್ದೆ ಎಂಬುದನ್ನೂ. ಅವಳು ಕೆಮ್ಮು ಬರುವವರೆಗೆ ನಕ್ಕಳು. "ಎಡಗಡೆ, ದುಂಡಗೆ ಅಂತ ಒಂದು ಮಾತು ನಂಗೆ ಹೇಳಿದ್ರೆ ನಾನೇ ಹೇಳ್ತಿದ್ನಲ್ಲೇ, ಎಂ.ಎಸ್ಸಿ. ಓದಿದೋಳೇ!" ಆಮೇಲೆ ನಗು ನಿಲ್ಲಿಸಿ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮನೆ ತಲುಪುವವರೆಗೆ ಬಿಡಲಿಲ್ಲ.

ಇದು ತಪ್ಪಿನಿಂದ ಆದದ್ದು, ತಪ್ಪು ನನ್ನದು ಎಂದು ನನಗೆ ಗೊತ್ತು. ಲೋಹವಷ್ಟೇ ಸಾಕು ಎಂದವಳು ನಾನು, ಅವಳಿಂದ ಮುಚ್ಚಿಟ್ಟವಳೂ ನಾನು. ಆದರೆ ವರದಿಯಲ್ಲಿ ಆ ನೆರಳು ಇಲ್ಲದಿದ್ದರೆ ಅವ್ವ ಮೈಸೂರಿನ ಬಸ್ಸು ಹತ್ತುತ್ತಿರಲಿಲ್ಲ. ಬಲಗಡೆಯ ಸಣ್ಣ ಕಲೆ ಐದು ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಆಕಸ್ಮಿಕ ಎನ್ನುವವರೊಡನೆ ನಾನು ವಾದಿಸುವುದಿಲ್ಲ. ನಾನು ಬೇಡಿದೆ, ಅವ್ವ ಉಳಿದಳು.

ಆರು ತಿಂಗಳು ಸುಲಭವಾಗಿರಲಿಲ್ಲ. ಮಾತ್ರೆಯ ವಾಸನೆಗೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು, ಊಟ ಸೇರುತ್ತಿರಲಿಲ್ಲ. ಊರಿನಲ್ಲಿ ಒಂದಿಬ್ಬರು ನಮ್ಮ ಮನೆಯ ಕಾಫಿ ಬೇಡವೆಂದರು. ಮೂರನೆಯ ತಿಂಗಳಲ್ಲಿ ಮಾತ್ರೆಯ ದಾಸ್ತಾನು ಮುಗಿದಾಗ ಜಮೀಲಕ್ಕ ಮಳೆಯಲ್ಲಿ ಎರಡು ಬಸ್ಸು ಬದಲಿಸಿ, ಇನ್ನೊಂದು ಕೇಂದ್ರದಿಂದ ಒಂಬತ್ತು ದಿನಕ್ಕಾಗುವಷ್ಟು ಮಾತ್ರೆ ಕೇಳಿ ತಂದರು. ಹೊಸ್ತಿಲಲ್ಲಿ ನಿಂತು, "ಮೊದ್ಲು ನುಂಗಿ ಗೌರಕ್ಕ, ಆಮೇಲೆ ನಂಗೆ ಟವಲು ಕೊಡಿ" ಎಂದರು. ಶಿವನ ದಯೆಯನ್ನು ನೆನೆಯುವಾಗ ನೆಂದ ಸೆರಗಿನ ಜಮೀಲಕ್ಕನೂ ನನ್ನ ಕಣ್ಣ ಮುಂದೆ ಬರುತ್ತಾರೆ. ಇಬ್ಬರಿಗೂ ಶರಣು. ನಿಮ್ಮ ಮನೆಗಳಲ್ಲಿ ಕೆಮ್ಮು ಎರಡು ವಾರ ದಾಟಿದ್ದರೆ ಮುಚ್ಚಿಡಬೇಡಿ, ಪರೀಕ್ಷೆ ಮಾಡಿಸಿ. ಪರೀಕ್ಷೆಯ ಕೋಣೆಯಲ್ಲಿ ಲಿಂಗ ಎಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಕಾಫಿ ಹಣ್ಣು ಕುಯ್ಯುವ ಸಮಯಕ್ಕೆ ಕೊನೆಯ ಕಫ ಪರೀಕ್ಷೆ ಆಯಿತು. ಸೋಮವಾರಪೇಟೆಯಲ್ಲಿ ಫಲಿತಾಂಶ ಕೊಟ್ಟರು. ಏನೂ ಇಲ್ಲ, ವಾಸಿಯಾಗಿದೆ. ಹೊರಗೆ ಬಂದು ಬಸ್ ನಿಲ್ದಾಣದ ಕಡೆ ತಿರುಗಿದೆ. ಅವ್ವ ನಡೆಯಲಿಲ್ಲ.

"ಹಸಿವಾಗ್ತೈತೆ" ಎಂದಳು.

ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಯನ್ನು ಚಟ್ನಿಯ ಸಮೇತ ಮುಗಿಸಿ, ತಟ್ಟೆ ಎತ್ತಲು ಬಂದವರಿಗೆ "ಇನ್ನೊಂದು ತನ್ನಿ" ಎಂದಳು. ನಮ್ಮ ಬಸ್ಸು ಎದುರಿನ ರಸ್ತೆಯಲ್ಲಿ ಹೋಯಿತು. ನಾನು ಏಳಲಿಲ್ಲ. ಅವಳು ಎರಡನೆಯ ದೋಸೆಯ ಅಂಚು ಮುರಿಯುವುದನ್ನು ನೋಡುತ್ತ ಕೂತೆ.