ಮಾವ ಬರುವ ಕಂತು

ಆ ಕಾಲದಲ್ಲಿ ಟಿ.ವಿ. ನೋಡಬೇಕಾದರೆ ತಲೆ ಬಾಚಿ, ಒಗೆದ ಬಟ್ಟೆ ಹಾಕಿಕೊಂಡು, ಹರಿಯುವ ತೋಡು ದಾಟಿ ಹೋಗಬೇಕಿತ್ತು. ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಊರಿನಲ್ಲಿ ಅದು ಇದ್ದದ್ದು ಏಲಿಯಮ್ಮನ ಮನೆಯಲ್ಲಿ ಮಾತ್ರ. ಅವರು ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರು. ಭಾನುವಾರ ಇಗರ್ಜಿಯಿಂದ ಅವರು ಬರುವುದನ್ನೇ ಕಾದು ನಾವು ಹೆಂಗಸರು ಮಕ್ಕಳು ಎಂಟು ಹತ್ತು ಮಂದಿ ಅವರ ಜಗಲಿ ಹತ್ತುತ್ತಿದ್ದೆವು.

ಮಕ್ಕಳೇ, ಹೋದ ವಾರ ನೀವಿಬ್ಬರೂ ಆ ಇಂಗ್ಲಿಷ್ ಧಾರಾವಾಹಿಯ ಬಗ್ಗೆ ಜಗಳ ಮಾಡುತ್ತಿದ್ದಿರಿ. ದೊಡ್ಡ ಬಂಗಲೆ, ಗುಂಡಿಯಂಗಿಯ ಆಳುಗಳು, ನೆಲ ಗುಡಿಸುವಷ್ಟು ಉದ್ದದ ಲಂಗದ ಹೆಂಗಸರು. ಯಜಮಾನಿತಿಗೆ ಅಹಂಕಾರ ಎಂದು ಒಬ್ಬಳು, ಅಲ್ಲ ಹೆದರಿಕೆ ಎಂದು ಇನ್ನೊಬ್ಬಳು. ಗುರುತು ಪರಿಚಯ ಇಲ್ಲದ ಯಾರು ಯಾರೋ ಬರೆದದ್ದನ್ನು ಫೋನಿನಲ್ಲಿ ಓದಿ ಸಾಕ್ಷಿ ಹೇಳಿದಿರಿ. ಅಜ್ಜಿಗೆ ಇದೆಲ್ಲ ಅರ್ಥ ಆಗುದಿಲ್ಲ ಎಂದು ಮೆಲ್ಲಗೆ ಹೇಳಿದ್ದೂ ಕೇಳಿಸಿತು. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಬರೆಯುವುದು ಸ್ವಲ್ಪ ಬರುತ್ತದೆ.

ನಾನು ಆಗ ಏಳನೇ ಕ್ಲಾಸು. ಆ ವರ್ಷದ ಮಳೆಗಾಲದಲ್ಲಿ ನನ್ನ ಅಪ್ಪ ತೀರಿಹೋಗಿದ್ದರು. ನಾವಿದ್ದ ಮನೆ ಅಪ್ಪನ ತಾಯಿಯ ಕಡೆಯದು. ನಮ್ಮವರಲ್ಲಿ ಆಸ್ತಿ ಹೋಗುವುದು ಗಂಡಸಿನ ಮಕ್ಕಳಿಗಲ್ಲ, ಅವನ ಅಕ್ಕ ತಂಗಿಯರ ಸಂತಾನಕ್ಕೆ. ಹಾಗಾಗಿ ಅಪ್ಪನ ನಂತರ ಆ ಮನೆ ಅಪ್ಪನ ಅಕ್ಕ ರುಕ್ಮಿಣಿ ಅತ್ತೆಗೆ, ಅವರ ಮಗ ಜಯಣ್ಣನಿಗೆ. ಅಮ್ಮ ಮತ್ತು ನಾನು ಹೋಗಬೇಕಾದದ್ದು ಮಂಡೆಕೋಲಿನಲ್ಲಿದ್ದ ಅಮ್ಮನ ತಾಯಿಮನೆಗೆ. ಆದರೆ ಹೆಂಗಸು ತಾನಾಗಿ ಹೋಗುವ ಕ್ರಮ ಇರಲಿಲ್ಲ. ಅವಳ ಅಣ್ಣ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೋದರೆ ಅದು ತಾಯಿಮನೆಗೂ ಅವಳಿಗೂ ಅವಮಾನ. ಅಮ್ಮನ ಅಣ್ಣ ಸಂಕಪ್ಪ ಮಾವನಿಗೆ ಅಮ್ಮ ಹೇಳಿದ ಹಾಗೆ ನಾನೇ ಎರಡು ಕಾರ್ಡು ಬರೆದಿದ್ದೆ. ಮಾವ ಬರಲಿಲ್ಲ.

ರುಕ್ಮಿಣಿ ಅತ್ತೆ ಕೆಟ್ಟವರಲ್ಲ. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಬಂದು ನಿಂತಿದ್ದರು, ನನ್ನ ತಲೆಗೆ ಎಣ್ಣೆ ಹಾಕುತ್ತಿದ್ದದ್ದೂ ಅವರೇ. ಅಮ್ಮನನ್ನು "ಮೂಲೆಯಲ್ಲಿ ಕೂತು ಎಂತ ಮಾಡ್ತಿ, ಏಳು" ಎಂದು ಎಬ್ಬಿಸಿ ಏಲಿಯಮ್ಮನ ಮನೆಗೆ ಹೊರಡಿಸಿದ್ದೂ ಅವರೇ.

ಏಲಿಯಮ್ಮನ ಮನೆಗೆ ಹೊಗೆಯಲ್ಲಿ ಒಣಗಿದ ರಬ್ಬರ್ ಶೀಟಿನ ವಾಸನೆ. ಅದರ ಮೇಲೆ ಬೇಯಿಸಿದ ಮರಗೆಣಸಿನ, ಹುಳಿಮೀನಿನ ವಾಸನೆ. ಮಕ್ಕಳೆಲ್ಲ ರಬ್ಬರ್ ಕಾಯಿಯ ಬೀಜವನ್ನು ಸಿಮೆಂಟಿಗೆ ಗಸಗಸ ತಿಕ್ಕಿ, ಬಿಸಿಯಾದ ಕೂಡಲೇ ಪಕ್ಕದವರ ತೋಳಿಗೆ ಒತ್ತುವುದು ನಮ್ಮ ಆಟ. ಟಿ.ವಿ.ಯಲ್ಲಿ ಆಗ ಬರುತ್ತಿದ್ದದ್ದು ಒಂದು ಇಂಗ್ಲಿಷ್ ಕಥೆ. ನಮಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಏಲಿಯಮ್ಮನ ಮಗಳು ಲಿಸ್ಸಿ ಪುತ್ತೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು. ಅವಳು ಕುರ್ಚಿಯ ಕೈ ಮೇಲೆ ಕೂತು ನಮಗೆ ಅರ್ಥ ಹೇಳುತ್ತಿದ್ದಳು.

ಕಥೆ ಇಷ್ಟೆ. ಕಲ್ಲಿನ ದೊಡ್ಡ ಮನೆಯ ಯಜಮಾನ ಸತ್ತಿದ್ದಾನೆ. ಹೆಂಡತಿ ಇದ್ದಾಳೆ, ಒಬ್ಬಳು ಮಗಳು. ಒಂದು ದಿನ ಕುದುರೆ ಬಂಡಿಯಲ್ಲಿ ಒಬ್ಬ ಹುಡುಗ ಪೆಟ್ಟಿಗೆ ಸಮೇತ ಬಂದಿಳಿಯುತ್ತಾನೆ.

"ಇನ್ನು ಮನೆ ಇವನದ್ದಂತೆ," ಎಂದಳು ಲಿಸ್ಸಿ. "ಇವರು ಹೊರಗೆ ಹೋಗ್ಬೇಕಂತೆ."

ಜಗಲಿಯಲ್ಲಿ ದೊಡ್ಡ ಗಲಾಟೆ ಆಯಿತು. ಎಲ್ಲರಿಗಿಂತ ಜೋರು ರುಕ್ಮಿಣಿ ಅತ್ತೆಯದು. "ಕಟ್ಟಿಕೊಂಡ ಹೆಂಡತಿಯನ್ನು, ಹೆತ್ತ ಮಗಳನ್ನು ಹೊರಗೆ ಹಾಕುದಾ? ಬಿಳಿ ಚರ್ಮ ಇದ್ದು ಎಂತ ಪ್ರಯೋಜನ ಮಾರಾಯ್ತಿ. ಅವಳಿಗೆ ಅಣ್ಣ ಇಲ್ವಾ?"

"ಗೊತ್ತಿಲ್ಲ. ಇನ್ನೂ ತೋರಿಸ್ಲಿಲ್ಲ."

"ತೋರಿಸ್ತಾರೆ. ಬರುವ ವಾರ ಅಣ್ಣ ಬರ್ತಾನೆ ನೋಡಿ."

ಅಲ್ಲಿಂದ ನಮ್ಮ ಊರಿಗೆಲ್ಲ ಅದೇ ಮಾತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೂ ಅದೇ, ಹಾಲಿನ ಡಿಪೋದಲ್ಲೂ ಅದೇ. ಅಣ್ಣ ದೂರದಲ್ಲಿ ಇರಬೇಕು, ಹಡಗಿನಲ್ಲಿ ಬರಬೇಕು, ಅದಕ್ಕೆ ತಡ ಎಂದು ಒಬ್ಬರು ಹೇಳಿದರೆ, ಅಣ್ಣನ ಹೆಂಡತಿ ಬಿಡುವುದಿಲ್ಲ ಎಂದು ಇನ್ನೊಬ್ಬರು. ಮುಂದಿನ ಭಾನುವಾರ ದೊಡ್ಡ ಟೊಪ್ಪಿಯವನೊಬ್ಬ ಬಂಡಿಯಿಂದ ಇಳಿದ ಕೂಡಲೇ ಎಲ್ಲರೂ "ಬಂದ, ಬಂದ" ಎಂದರು.

"ಅಲ್ಲ. ಇವರು ವಕೀಲರು," ಎಂದಳು ಲಿಸ್ಸಿ.

ಅದರ ಮುಂದಿನ ವಾರ ಮತ್ತೊಬ್ಬ ಇಳಿದ.

"ಇವನು ಆ ಹುಡುಗಿಯ ಮಾವನೇ. ನಡೆಯುದು ನೋಡು, ಮೂಗು ನೋಡು, ತಂಗಿಯದ್ದೇ," ಎಂದರು ಒಬ್ಬರು.

"ಅವರು ಪಾದ್ರಿ ಮಾರಾಯ್ರೆ."

ಏಲಿಯಮ್ಮ ನಗುತ್ತಾ ತನ್ನ ಮಲಯಾಳದ ಕನ್ನಡದಲ್ಲಿ, "ನಮ್ಮದ್ರಲ್ಲಿ ಕಷ್ಟ ಬಂದ್ರೆ ಪಾದ್ರಿಯೇ ಬರುದು, ಅಣ್ಣ ಬರುದಿಲ್ಲ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಹೆಂಗಸಿನ ಅಣ್ಣ ಬಂದರೆ ನಮ್ಮ ಮಾವನೂ ಬರುತ್ತಾರೆ ಎಂದು ನನ್ನೊಳಗೆ ನಾನೇ ಲೆಕ್ಕ ಹಾಕಿಕೊಂಡಿದ್ದೆ.

ಆ ದಿನವೇ ರುಕ್ಮಿಣಿ ಅತ್ತೆಗೆ ಒಂದು ಸಂಶಯ ಬಂತು. "ಅಲ್ಲ ಲಿಸ್ಸಿ, ಈ ಹುಡುಗ ಸತ್ತವನಿಗೆ ಎಂತ ಆಗ್ಬೇಕು?"

"ತಮ್ಮನ ಮಗ."

"ಹಾಗೆ ಹೇಳು. ತಮ್ಮನ ಮಗನಿಗೆ ಎಂತ ಹಕ್ಕು? ಅಕ್ಕನ ಮಗ ಆಗಿದ್ರೆ ಅದು ಸರಿ."

ಹೇಳಿ ಮುಗಿಸುವಾಗ ಅವರಿಗೇ ತಿಳಿಯಿತು. ಜಗಲಿಯಲ್ಲಿದ್ದವರು ಯಾರೂ ಅಮ್ಮನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಎದ್ದು ಕಾಣುತ್ತಿತ್ತು. ಅಮ್ಮ ಸೆರಗಿನ ಅಂಚಿನ ಒಂದು ನೂಲನ್ನು ಬೆರಳಿಗೆ ಸುತ್ತುತ್ತಾ ಟಿ.ವಿ.ಯನ್ನೇ ನೋಡುತ್ತಿದ್ದರು. ಏಲಿಯಮ್ಮ ಎದ್ದು, ಕಥೆ ಮುಗಿಯುವ ಮೊದಲೇ ಮರಗೆಣಸು ತಂದು ಎಲ್ಲರ ಮುಂದೆ ಇಟ್ಟರು.

ಮನೆಗೆ ಬರುವಾಗ ಅತ್ತೆ ಮುಂದೆ ಮುಂದೆ ನಡೆದರು. ತೋಡು ದಾಟುವ ಸಂಕದ ಮೇಲೆ ನಾನು ಅಮ್ಮನ ಕೈ ಹಿಡಿದು, "ನಾವು ಹೋಗುದು ಯಾವಾಗ?" ಎಂದು ಕೇಳಿದೆ.

"ಮಾವ ಬರ್ಲಿ."

ಮೂರನೆಯ ಕಾರ್ಡು ಬರೆದೆವು. ಮಂಡೆಕೋಲಿನ ಮನೆಯಲ್ಲಿ ಮಾವನ ಹೆಂಡತಿ ಮಕ್ಕಳೂ ಇದ್ದರು. ನಾವು ಹೋದರೆ ಅವರು ಒತ್ತಿಕೊಂಡು ಕೂರಬೇಕು. ಈಗ ಅದು ನನಗೆ ತಿಳಿಯುತ್ತದೆ. ಆಗ ತಿಳಿದಿರಲಿಲ್ಲ, ನಾನು ಬಸ್ಸಿನ ಶಬ್ದ ಕೇಳಿದರೆ ರಸ್ತೆಗೆ ಓಡುತ್ತಿದ್ದೆ.

ಕಥೆಯ ಕೊನೆಯ ಕಂತಿನಲ್ಲೂ ಅಣ್ಣ ಬರಲಿಲ್ಲ. ಆ ಹೆಂಗಸು ಕೈಗವಸು ಹಾಕಿದಳು, ಮಗಳನ್ನು ಕರೆದಳು, ಮೆಟ್ಟಿಲು ಇಳಿದು ನಡೆದೇ ಹೋದಳು. ನಮ್ಮ ಹೆಂಗಸರಿಗೆ ಸಿಟ್ಟು ಬಂತು. ಇಷ್ಟು ವಾರ ಕಾಯಿಸಿ ಹೀಗೆ ಮುಗಿಸುವುದಾ, ಕಥೆ ಕಟ್ಟಿದವನಿಗೆ ಅಕ್ಕ ತಂಗಿ ಇಲ್ಲ ಎಂದು ಕಾಣುತ್ತದೆ ಎಂದರು. ಆ ಜಗಲಿಯಲ್ಲಿ ಒಂದು ದಿನವೂ ಬಾಯಿ ತೆರೆಯದ ಅಮ್ಮ, "ಹೋದ್ಲಲ್ಲ. ಕಾಲು ಉಂಟಲ್ಲ ಅವಳಿಗೆ" ಎಂದರು.

ಮಾರನೆಯ ದಿನ ಬೆಳಿಗ್ಗೆ ಅಮ್ಮ ಬಟ್ಟೆ ಗಂಟು ಕಟ್ಟಿದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಕರೆಯದೆ ಹೋಗ್ಬೇಡ. ಜನ ಎಂತ ಹೇಳ್ತಾರೆ? ನನ್ನ ಜಯ ಇಲ್ಲಿಗೆ ಬಂದ್ರೆ ಬರ್ಲಿ, ನೀನು ಒಳಕೋಣೆಯಲ್ಲಿ ಇರು. ನಾನು ಬೇಡ ಹೇಳಿದ್ದೇನಾ?"

"ನೀವು ಹೇಳ್ಲಿಲ್ಲ ಅತ್ತಿಗೆ. ನೀವು ಇರುವಷ್ಟು ದಿನ ಯಾರೂ ಹೇಳುದಿಲ್ಲ. ಮತ್ತೆ?"

ಅತ್ತೆ ಬಾಗಿಲು ಬಿಟ್ಟರು. ಬಸ್ಸು ಬರುವವರೆಗೂ ರಸ್ತೆಬದಿಯಲ್ಲಿ ನಮ್ಮ ಗಂಟು ಹಿಡಿದುಕೊಂಡು ನಿಂತದ್ದು ಅವರೇ, ಅತ್ತದ್ದೂ ಅವರೇ. ಅಮ್ಮ ಅಳಲಿಲ್ಲ.

ಸುಳ್ಯದಲ್ಲಿ ಬಸ್ಸು ಬದಲಿಸಿ ಮಂಡೆಕೋಲಿಗೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಮಾವ ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. ನಮ್ಮನ್ನು ನೋಡಿ ಕತ್ತಿ ಕೆಳಗಿಟ್ಟರು. ಅಮ್ಮ ಮೆಟ್ಟಿಲ ಹತ್ತಿರ ನಿಂತರು, ಹತ್ತಲಿಲ್ಲ. ಮಾವ ಬಗ್ಗಿ, ಕಾಲಿಗೆ ಅಂಟಿದ ಬಿದಿರಿನ ಸಿಪ್ಪೆ ತೆಗೆಯುತ್ತಾ ನೆಲ ನೋಡಿಕೊಂಡೇ ಹೇಳಿದರು:

"ಈ ವಾರ ಬರ್ಲಿಕ್ಕೆ ಇದ್ದೆ."

"ಗೊತ್ತುಂಟು," ಎಂದು ಅಮ್ಮ ಮೆಟ್ಟಿಲು ಹತ್ತಿದರು.

ಆಮೇಲೆ ಆ ಮನೆಯಲ್ಲಿ ಹದಿನಾರು ಜನ ಒತ್ತಿಕೊಂಡು ಬದುಕಿದೆವು. ನನ್ನ ಓದು ಅಲ್ಲಿಯ ಶಾಲೆಯಲ್ಲೇ ಮುಗಿಯಿತು, ಮದುವೆಯೂ ಅಲ್ಲಿಂದಲೇ ಆಯಿತು. ಈಗ ಆ ಮನೆ ನಾಲ್ಕು ಪಾಲಾಗಿದೆ. ಏಲಿಯಮ್ಮ ಇಲ್ಲ, ಲಿಸ್ಸಿ ಎಲ್ಲಿದ್ದಾಳೋ ಗೊತ್ತಿಲ್ಲ. ನೀವು ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು ಊರಿಲ್ಲದ ಊರಿನವರ ಜೊತೆ ಕಥೆಯ ಮಾತಾಡುತ್ತೀರಿ. ತಪ್ಪು ಎಂದು ಹೇಳುವಷ್ಟು ಶಕ್ತಿ ನನಗಿಲ್ಲ. ಈಚೆಗೆ ಎಲ್ಲದಕ್ಕೂ ಆಯಾಸವೇ.

ಮಾವ ಹೇಳಿದ್ದು ಸುಳ್ಳು ಎಂದು ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅಷ್ಟಾದರೂ ಸುಳ್ಳು ಹೇಳುವ ನಾಚಿಕೆ ಅವರಿಗಿತ್ತು, ಅದನ್ನು ಹಿಡಿದುಕೊಂಡು ಅಮ್ಮ ಒಳಗೆ ಹೋದರು. ನಿಮ್ಮ ಅಜ್ಜ ತೀರಿಕೊಂಡಾಗ ನನ್ನ ತಾಯಿಮನೆಯವರೆಲ್ಲರೂ ಬಂದರು, ಕೈಮುಗಿದು ಫೋಟೋ ನೋಡಿ ಹೋದರು. ಬಂದು ಕರೆದುಕೊಂಡು ಹೋಗಬೇಕೆಂದಿದ್ದೆ ಎಂಬ ಸುಳ್ಳನ್ನು ನನಗೆ ಯಾರೂ ಹೇಳಲಿಲ್ಲ.